ವಲಿಯಪರಂಬ ಹಿನ್ನೀರಿನಲ್ಲಿ ರಜೆಯ ಬೋಟ್ ಪಯಣ: ಹತ್ತುವ ಮುಂಚೆ ಗೊತ್ತಿರಬೇಕಾದ ಸಂಗತಿಗಳು

ಈದ್ ಮುಗಿದ ಮರುದಿನ, ಓಣಂ ರಜೆ, ಶನಿವಾರ-ಭಾನುವಾರಕ್ಕೆ ಇನ್ನೊಂದು ರಜೆ ಅಂಟಿಕೊಂಡು ಬಂದ ವಾರ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಮಂಗಳೂರು ಕಡೆಯ ಕುಟುಂಬಗಳು ಇಂಥ ದಿನಗಳಲ್ಲಿ ಈಗ ದೂರದ ಆಲಪ್ಪುಳಕ್ಕೆ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲೇ ವಲಿಯಪರಂಬ ಹಿನ್ನೀರು ಇದೆ, ಅಲ್ಲಿ ಹೌಸ್‌ಬೋಟುಗಳೂ ಇವೆ. ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನದ ಊಟ ಬೋಟಿನಲ್ಲೇ ಮಾಡಬಹುದು. ಆದರೆ ರಜೆಯ ನೂಕುನುಗ್ಗಲಿನ ದಿನ ಬೋಟು ಹತ್ತುವುದೆಂದರೆ ಬಸ್ ಹತ್ತಿದ ಹಾಗಲ್ಲ. ಜಾಗ ಎಂಥದ್ದು, ಬೋಟು ಎಂಥದ್ದು, ಯಾವ ಕಾಗದ ಕೇಳಬೇಕು, ಎಷ್ಟು ಜನ ಹತ್ತಬಹುದು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಎಲ್ಲಿದೆ, ಹೇಗಿದೆ

ಹೊಸದುರ್ಗ ತಾಲೂಕಿನ ನೀಲೇಶ್ವರದಿಂದ ಶುರುವಾಗಿ ಚೆರುವತ್ತೂರು, ಪಡನ್ನ, ತೃಕ್ಕರಿಪುರ ದಾಟಿ ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನ ಹತ್ತಿರದ ಕವ್ವಾಯಿಯವರೆಗೆ, ಅಲ್ಲಿಂದ ಏಳಿಮಲ ಗುಡ್ಡದ ಬುಡದ ತನಕ ಈ ಹಿನ್ನೀರು ಉದ್ದಕ್ಕೆ ಹಬ್ಬಿದೆ. ತೆಂಕಣ ಭಾಗಕ್ಕೆ ಕವ್ವಾಯಿ ಕಾಯಲ್ ಅಂತ ಹೆಸರು. ವೇಂಬನಾಡು, ಅಷ್ಟಮುಡಿ ಬಿಟ್ಟರೆ ಕೇರಳದಲ್ಲಿ ಇದೇ ದೊಡ್ಡ ಹಿನ್ನೀರು ಎನ್ನುತ್ತಾರೆ. ಉತ್ತರ ಕೇರಳದ ಮಟ್ಟಿಗಂತೂ ಇದಕ್ಕಿಂತ ದೊಡ್ಡದು ಬೇರೆ ಇಲ್ಲ.

ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಒಂದು ಉದ್ದ ಮರಳಿನ ಪಟ್ಟಿ ಇದೆ. ಅದೇ ವಲಿಯಪರಂಬ. ಸುಮಾರು 24 ಕಿಲೋಮೀಟರ್ ಉದ್ದ, ಅಗಲ ಮಾತ್ರ ಬಹಳ ಕಡಿಮೆ. ಕೆಲವು ಕಡೆ ಮನೆಯ ಮುಂದಿನ ಬಾಗಿಲಿಗೆ ಹೊಳೆ, ಹಿಂದಿನ ಬಾಗಿಲಿಗೆ ಕಡಲು. ಹಿನ್ನೀರಿನ ನಡುವೆ ಚಿಕ್ಕಚಿಕ್ಕ ಕುದುರುಗಳಿವೆ. ಅದರಲ್ಲಿ ಇಡಯಿಲೆಕ್ಕಾಡ್ ಎಂಬ ಕುದುರಿನ ಕಾವಿನಲ್ಲಿ ಮಂಗಗಳ ಹಿಂಡೊಂದಿದ್ದು, ಓಣಂ ಸಮಯದಲ್ಲಿ ಊರಿನ ಮಕ್ಕಳು ಅವುಗಳಿಗೆ ಬಾಳೆಲೆ ಹಾಕಿ ಊಟ ಬಡಿಸುವ ವಾಡಿಕೆ ಇದೆ.

ಇಲ್ಲಿಗೆ ಬರುವ ಹೊಳೆಗಳಲ್ಲಿ ದೊಡ್ಡದು ಕಾರ್ಯಂಗೋಡು ಹೊಳೆ. ತೇಜಸ್ವಿನಿ ಅಂತಲೂ ಕರೆಯುತ್ತಾರೆ. ಕೊಡಗಿನ ಗುಡ್ಡಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ನೀಲೇಶ್ವರದ ಹತ್ತಿರ ಹಿನ್ನೀರು ಸೇರುತ್ತದೆ. ಹೊಳೆಯ ಸಿಹಿ ನೀರು, ಅಳಿವೆಯಿಂದ ಒಳಗೆ ಬರುವ ಉಪ್ಪು ನೀರು ಎರಡೂ ಇಲ್ಲಿ ಬೆರೆಯುತ್ತವೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇಳಿತದ ಹೊತ್ತಿನಲ್ಲಿ ಕೆಲವು ಜಾಗದಲ್ಲಿ ಮರಳು ದಿಬ್ಬ ಮೇಲೆ ಕಾಣುತ್ತದೆ. ನೀರು ನೋಡಿ ದಾರಿ ಹಿಡಿಯುವುದು ಇಲ್ಲಿಯವರಿಗೇ ಗೊತ್ತಿರುವ ಕೆಲಸ, ಹೊರಗಿನವರಿಂದ ಆಗುವುದಲ್ಲ.

ಹಳೆಯ ಬಂದರು, ಹಳೆಯ ನಂಟು

ಈ ನೀರಿನ ತೆಂಕಣ ತುದಿಯಲ್ಲಿರುವ ಏಳಿಮಲ ಕಡಲಿನಲ್ಲಿ ಹೋಗುವವರಿಗೆ ಶತಮಾನಗಳಿಂದ ಗುರುತಿನ ಗುಡ್ಡ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ತಿರುಗಾಡಿದ ಇಬ್ನ್ ಬತೂತಾ ತನ್ನ ಪ್ರವಾಸ ಕಥನದಲ್ಲಿ ‘ಮಂಜರೂರ್’ (ಮಂಗಳೂರು) ಬಿಟ್ಟ ಮೇಲೆ ‘ಹೀಲಿ’ ಎಂಬ ಬಂದರಿನ ವಿಷಯ ಬರೆದಿದ್ದಾನೆ. ಚೀನಾದ ಹಡಗುಗಳು ಬರುತ್ತಿದ್ದ ಬಂದರು ಅದು, ಅಲ್ಲಿದ್ದ ಮಸೀದಿಗೆ ನಾವಿಕರು ಹರಕೆ ಹೊರುತ್ತಿದ್ದರು ಎನ್ನುತ್ತಾನೆ. ಆ ಹೀಲಿಯೇ ಏಳಿಮಲದ ಪ್ರದೇಶ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಮಂಗಳೂರಿನಿಂದ ಏಳಿಮಲದವರೆಗಿನ ನೀರು ದಾರಿ ಬ್ಯಾರಿಗಳಿಗೂ ಮಾಪ್ಪಿಳರಿಗೂ ವ್ಯಾಪಾರದ ದಾರಿಯಾಗಿತ್ತು. ಈಗ ಅದೇ ಏಳಿಮಲದಲ್ಲಿ ಭಾರತೀಯ ನೌಕಾ ಅಕಾಡೆಮಿ ಇದೆ. 2009ರಲ್ಲಿ ಅದರ ಉದ್ಘಾಟನೆ ಆಯಿತು.

ಕನ್ನಡ ಓದುವವರಿಗೆ ಇನ್ನೊಂದು ನಂಟು ಇದೆ. ತೇಜಸ್ವಿನಿ ಹೊಳೆಯ ದಡದಲ್ಲೇ ಕಯ್ಯೂರು. 1941ರ ರೈತ ಹೋರಾಟದ ಸಮಯದಲ್ಲಿ ಒಬ್ಬ ಪೊಲೀಸ್ ಈ ಹೊಳೆಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ ನಾಲ್ವರು ಯುವಕರಿಗೆ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲು ಆಯಿತು. ನೀಲೇಶ್ವರದಲ್ಲಿ ಶಾಲೆ ಓದಿದ ನಿರಂಜನರು ಇದೇ ವಿಷಯ ಇಟ್ಟುಕೊಂಡು ‘ಚಿರಸ್ಮರಣೆ’ ಕಾದಂಬರಿ ಬರೆದರು. ಬೋಟಿನಲ್ಲಿ ಕೂತು ಹೊಳೆ ನೋಡುವ ಮಕ್ಕಳಿಗೆ ಇಷ್ಟಾದರೂ ಹೇಳಿಕೊಡಬಹುದು.

ಬೋಟುಗಳಲ್ಲಿ ಎಷ್ಟು ಬಗೆ

ಇಲ್ಲಿ ಮೂರು ಬಗೆಯಲ್ಲಿ ನೀರಿಗಿಳಿಯಬಹುದು.

ಮೊದಲನೆಯದು ಹೌಸ್‌ಬೋಟ್. ಇದರ ಮೂಲ ಕೆಟ್ಟುವಳ್ಳಂ. ಬ್ಯಾರಿ ಮಾತಾಡುವವರಿಗೆ ಅರ್ಥ ಬೇರೆ ಹೇಳಬೇಕಾಗಿಲ್ಲ, ಕಟ್ಟಿದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಮಾಡುತ್ತಿದ್ದರು. ಅಕ್ಕಿ, ಕೊಪ್ಪರ, ಸಾಂಬಾರ ಸಾಮಾನು ಹೊರುವ ಗೂಡ್ಸ್ ಗಾಡಿ ಅದು. ಲಾರಿ ಬಂದ ಮೇಲೆ ದೋಣಿಗೆ ಕೆಲಸ ಇಲ್ಲದಾಯಿತು. ಆಮೇಲೆ ಬಿದಿರು, ಚಾಪೆಯ ಮಾಡು ಕಟ್ಟಿ, ಮಲಗುವ ಕೋಣೆ, ಅಡುಗೆ ಕೋಣೆ, ಕಕ್ಕಸು ಮಾಡಿ ಪ್ರವಾಸಿಗಳಿಗೆ ಕೊಟ್ಟರು. ಈಗಿನವುಗಳಿಗೆ ಇಂಜಿನು, ಜನರೇಟರು ಇರುತ್ತದೆ. ಹಗಲು ಮಾತ್ರ ತಿರುಗಾಡಿ ಬರುವ ಟ್ರಿಪ್ ಉಂಟು, ರಾತ್ರಿ ಉಳಿಯುವ ಟ್ರಿಪ್ ಉಂಟು. ರಾತ್ರಿ ಬೋಟು ಓಡುವುದಿಲ್ಲ, ದಡಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ರಾತ್ರಿ ನೀರು ಮೀನುಗಾರರದ್ದು, ಅವರ ಬಲೆ ಹಾಕಿರುತ್ತದೆ.

ಎರಡನೆಯದು ಶಿಕಾರ ಅಥವಾ ಸಣ್ಣ ಮೋಟಾರ್ ದೋಣಿ. ಒಂದೆರಡು ಗಂಟೆ ತಿರುಗಲು ಸಾಕು. ಹೌಸ್‌ಬೋಟು ನುಗ್ಗದ ಸಣ್ಣ ತೋಡುಗಳಿಗೂ ಹೋಗುತ್ತದೆ.

ಮೂರನೆಯದು ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಪ್ರಯಾಣಿಕ ಬೋಟು. ಕುದುರಿನ ಜನ, ಶಾಲೆ ಮಕ್ಕಳು, ಮೀನು ಮಾರುವವರು ಹೋಗುವ ಬೋಟಿದು. ಟಿಕೆಟು ಬಹಳ ಅಗ್ಗ. ಹೊರಡುವ ಸಮಯವನ್ನು ಆ ದಿನ ಕಡವಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಕೈಯಲ್ಲಿ ಹಣ ಕಡಿಮೆ ಇರುವ ಕಾಲೇಜು ಹುಡುಗರಿಗೆ ಹಿನ್ನೀರು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವಾಗ ಹೋಗುವುದು

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಏಪ್ರಿಲ್, ಮೇಯಲ್ಲಿ ಸೆಕೆ ಜಾಸ್ತಿ, ಸಂಜೆ ಹೊತ್ತಿಗೆ ಗುಡುಗು ಗಾಳಿ ಏಳುವುದುಂಟು. ಹೌಸ್‌ಬೋಟಿಗೆ ಎತ್ತರದ ಮಾಡು ಇರುವುದರಿಂದ ಗಾಳಿ ನೇರ ಅದಕ್ಕೇ ಬಡಿಯುತ್ತದೆ. ಮೋಡ ಕಪ್ಪಾಗುತ್ತಿದ್ದರೆ ದಡ ಸೇರಿಸಿ ಅಂತ ಹೇಳಲು ಸಂಕೋಚ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಾಲ, ಹೊಳೆ ತುಂಬಿ ಅಳಿವೆಯಲ್ಲಿ ಸೆಳೆತ ಜೋರು. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಬುಕಿಂಗ್ ಆಗಿದ್ದರೂ ಹೋಗಬಾರದು. ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ.

ಬಾಡಿಗೆಯ ಲೆಕ್ಕ

ಹೌಸ್‌ಬೋಟಿಗೆ ಸಾಧಾರಣವಾಗಿ ಇಡೀ ಬೋಟಿಗೆ ಇಷ್ಟು ಅಂತ ಬಾಡಿಗೆ. ರಜೆಯ ದಿನ ದರ ಏರುತ್ತದೆ. ಮಾತು ಮುಗಿಸುವ ಮೊದಲು ಇಷ್ಟನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಬೇಕು: ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಅದರಲ್ಲಿ ಬೋಟು ಓಡುವ ಗಂಟೆ ಎಷ್ಟು, ಊಟ ಸೇರಿದೆಯೇ, ಎಸಿ ಹಗಲೂ ಇರುತ್ತದೆಯೇ ಅಥವಾ ರಾತ್ರಿ ಮಾತ್ರವೇ, ಮಕ್ಕಳ ಲೆಕ್ಕ ಹೇಗೆ, ಮಳೆ ಬಂದು ರದ್ದಾದರೆ ಅಡ್ವಾನ್ಸ್ ವಾಪಸ್ ಉಂಟೇ, ಬಿಲ್ ಸಿಗುತ್ತದೆಯೇ. ಹಲಾಲ್ ಮಾಂಸದ ವಿಷಯವನ್ನೂ ಆಗಲೇ ಕೇಳಿಬಿಡುವುದು ಒಳ್ಳೆಯದು. ನಮಾಝಿಗೆ ದಡದ ಮಸೀದಿಯ ಹತ್ತಿರ ನಿಲ್ಲಿಸಬೇಕೆಂದಿದ್ದರೆ ಹೊರಡುವಾಗಲೇ ಹೇಳಬೇಕು. ನಡುನೀರಿನಲ್ಲಿ ಹೇಳಿದರೆ ಕಡವು ಸಿಗುವುದಿಲ್ಲ.

ಇಡೀ ಬೋಟಿಗೆ ಒಂದೇ ಬಾಡಿಗೆ ಎಂಬ ಈ ಲೆಕ್ಕದಲ್ಲೇ ಒಂದು ಅಪಾಯ ಅಡಗಿದೆ. ಉದಾಹರಣೆಗೆ, ಹನ್ನೆರಡು ಜನರ ಬೋಟಿಗೆ 12,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ. ತಲೆಗೆ 1,000. ಕೊನೆ ಗಳಿಗೆಯಲ್ಲಿ ತಂಗಿಯ ಮನೆಯವರು ಇಬ್ಬರು ಸೇರಿದರೆ ತಲೆಗೆ 857. ಎಲ್ಲರಿಗೂ 143 ರೂಪಾಯಿ ಉಳಿತಾಯ, ಬೋಟಿನವರಿಗೂ ಗಿರಾಕಿಯ ಮನಸ್ಸು ನೋಯಿಸಲು ಇಷ್ಟವಿಲ್ಲ. ‘ಇಬ್ಬರಲ್ವಾ, ಅಡ್ಜಸ್ಟ್ ಮಾಡುವ’ ಎಂಬ ಮಾತು ಎರಡೂ ಕಡೆಯಿಂದ ಬರುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದು ಲಾಭ. ನೀರಿನ ಲೆಕ್ಕ ಬೇರೆ.

ಕೇರಳ ಕಂಡ ದುರಂತಗಳು

2023ರ ಮೇ 7, ಭಾನುವಾರ. ಶಾಲೆಗೆ ರಜೆ. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪೂರಪುಳ ಹೊಳೆ ಕಡಲು ಸೇರುವ ಜಾಗದ ಹತ್ತಿರ ಸಂಜೆ ಏಳರ ಸುಮಾರಿಗೆ ಪ್ರವಾಸಿ ಬೋಟೊಂದು ಮಗುಚಿತು. 22 ಮಂದಿ ಸತ್ತರು. ಅದರಲ್ಲಿ ಮಕ್ಕಳೇ ಹೆಚ್ಚು. ಒಂದೇ ಕುಟುಂಬದ 11 ಮಂದಿ ಒಂದೇ ರಾತ್ರಿ ಹೋದರು. ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ಪ್ರವಾಸಿ ಬೋಟು ಮಾಡಿದ್ದು, ಮಿತಿ ಮೀರಿ ಜನ ಹತ್ತಿಸಿದ್ದು, ಹೊತ್ತು ಮುಳುಗಿದ ಮೇಲೂ ಓಡಿಸಿದ್ದು ಆಮೇಲೆ ಒಂದೊಂದಾಗಿ ಹೊರಗೆ ಬಂತು.

ಇದು ಮೊದಲನೆಯದ್ದೂ ಅಲ್ಲ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೋಗುತ್ತಿದ್ದ ಪ್ರಯಾಣಿಕ ಬೋಟು ವೇಂಬನಾಡು ಕಾಯಲಿನಲ್ಲಿ ಮುಳುಗಿ 29 ಮಂದಿ ಸತ್ತರು. 2007ರ ಫೆಬ್ರವರಿಯಲ್ಲಿ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 15 ಮಕ್ಕಳು, 3 ಶಿಕ್ಷಕರು ನೀರುಪಾಲಾದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಬೋಟು ಮಗುಚಿ 45 ಮಂದಿ ಸತ್ತರು. ಪ್ರತಿ ಸಲವೂ ತನಿಖೆ ಆಯಿತು, ಶಿಫಾರಸು ಬಂತು.

ಬೋಟು ಯಾಕೆ ಮಗುಚುತ್ತದೆ ಅಂತ ತಿಳಿದರೆ ಎಚ್ಚರ ತಾನಾಗಿ ಬರುತ್ತದೆ. ಭಾರ ಕೆಳಗೆ, ನಡುವಿಗೆ ಇದ್ದಷ್ಟು ಬೋಟು ಗಟ್ಟಿ. ಒಂದು ಕಡೆ ವಾಲಿದರೂ ತಾನೇ ನೆಟ್ಟಗಾಗುತ್ತದೆ. ಭಾರ ಮೇಲೆ ಹೋದಷ್ಟು ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತದೆ. ಮೇಲಿನ ಮಹಡಿಯಲ್ಲಿ ಸೆಲ್ಫಿಗೆ ಎಲ್ಲರೂ ನಿಂತರೆ ಭಾರ ಮೇಲಕ್ಕೆ ಹೋಯಿತು. ಏನೋ ಕಂಡಿತು ಅಂತ ಎಲ್ಲರೂ ಎಡಗಡೆಗೆ ಓಡಿದರೆ ತಕ್ಕಡಿಯ ಒಂದೇ ತಟ್ಟೆಗೆ ಇಡೀ ಮೂಟೆ ಇಟ್ಟ ಹಾಗಾಯಿತು. ವಾಲಿದ ಬೋಟಿನೊಳಗೆ ನೀರು ನುಗ್ಗಿದರೆ ಆ ನೀರೂ ವಾಲಿದ ಕಡೆಗೇ ಹರಿಯುತ್ತದೆ. ಮತ್ತೆ ಸಮಯ ಸಿಗುವುದಿಲ್ಲ. ಜನ ಮಿತಿಯೊಳಗೆ ಇದ್ದರೂ ಎಲ್ಲರೂ ಒಂದೇ ಕಡೆ ಸೇರಿದರೆ ಅಪಾಯವೇ.

ಹತ್ತುವ ಮೊದಲು ನೋಡಬೇಕಾದ್ದು

1917ರ ಹಳೆಯ ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ಬೋಟಿಗೆ ನೋಂದಣಿ, ಸರ್ವೆ ಸರ್ಟಿಫಿಕೇಟ್, ವಿಮೆ ಬೇಕು, ಓಡಿಸುವವರಿಗೆ ಅರ್ಹತೆಯ ಸರ್ಟಿಫಿಕೇಟ್ ಬೇಕು. ಇದನ್ನು ಕೇಳುವುದು ಗಿರಾಕಿಯ ಹಕ್ಕು.

1. ನೋಂದಣಿ ನಂಬ್ರ: ಕೇರಳದ ಬೋಟುಗಳ ಮೈಮೇಲೆ ‘ಕೆಐವಿ’ ಎಂಬ ಅಕ್ಷರಗಳಿಂದ ಶುರುವಾಗುವ ನಂಬ್ರ ಬರೆದಿರುತ್ತದೆ. ಅದು ಕಾಣದಿದ್ದರೆ ಕಾರಣ ಕೇಳಿ. ಬುಕಿಂಗ್ ಮಾಡುವಾಗಲೇ ನಂಬ್ರ ತರಿಸಿಕೊಂಡರೆ, ಕಡವಿನಲ್ಲಿ ‘ಆ ಬೋಟು ರಿಪೇರಿ, ಇದರಲ್ಲಿ ಹೋಗಿ’ ಅಂತ ಬೇರೆ ಬೋಟು ತೋರಿಸಿದಾಗ ಗೊತ್ತಾಗುತ್ತದೆ.

2. ಸರ್ವೆ ಸರ್ಟಿಫಿಕೇಟ್: ಬೋಟು ಓಡಲು ಯೋಗ್ಯ ಅಂತ ಸರ್ವೇಯರ್ ಕೊಟ್ಟ ಕಾಗದ. ಅವಧಿಯ ತಾರೀಕು ನೋಡಿ. ಎಷ್ಟು ಪ್ರಯಾಣಿಕರು ಅಂತಲೂ ಅದರಲ್ಲೇ ಇರುತ್ತದೆ.

3. ಜನರ ಲೆಕ್ಕ: ಮಡಿಲಲ್ಲಿ ಕೂರುವ ಮಗುವೂ ಒಂದು ಜೀವ. ‘ಮಕ್ಕಳು ಲೆಕ್ಕಕ್ಕಿಲ್ಲ’ ಎಂಬ ಮಾತು ಬಾಡಿಗೆಗೆ ಮಾತ್ರ ಇರಲಿ. ಹೆಚ್ಚಾದರೆ ಇನ್ನೊಂದು ಬೋಟು ಮಾಡಿ, ಅಥವಾ ಯಾರಾದರೂ ದೊಡ್ಡವರು ದಡದಲ್ಲೇ ಉಳಿಯಿರಿ.

4. ಲೈಫ್ ಜಾಕೆಟ್: ಎಲ್ಲರಿಗೂ ಇರಬೇಕು, ಮಕ್ಕಳ ಅಳತೆಯದ್ದು ಬೇರೆ ಇರಬೇಕು. ಮೂಲೆಯಲ್ಲಿ ಕಟ್ಟಿಟ್ಟ ಜಾಕೆಟಿನಿಂದ ಪ್ರಯೋಜನ ಇಲ್ಲ, ಹತ್ತುವ ಮೊದಲೇ ಹಾಕಿ ಬಕಲ್ ಬಿಗಿಯಬೇಕು. ಬುರ್ಖಾ, ಸೀರೆ ಉಟ್ಟವರು ಜಾಕೆಟನ್ನು ಬಟ್ಟೆಯ ಒಳಗಲ್ಲ, ಎಲ್ಲದರ ಮೇಲೆ ಹಾಕಬೇಕು. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ.

5. ಸಿಬ್ಬಂದಿ: ಬೋಟು ನಡೆಸುವ ಸ್ರಾಂಕ್, ಇಂಜಿನು ನೋಡುವ ಡ್ರೈವರ್, ಹಗ್ಗ ಹಿಡಿಯುವ ಲಸ್ಕರ್ ಅಂತ ಕೆಲಸ ಹಂಚಿರುತ್ತದೆ. ಅಡುಗೆಯವರೇ ಬೋಟು ಓಡಿಸುತ್ತಿದ್ದರೆ ಹತ್ತಬೇಡಿ.

6. ಬೆಂಕಿ: ಅಡುಗೆ ಗ್ಯಾಸ್, ಡೀಸೆಲ್, ಜನರೇಟರ್ ಮೂರೂ ಒಂದೇ ಮರದ ಬೋಟಿನಲ್ಲಿ ಇರುತ್ತವೆ. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಅಂತ ನೋಡಿ.

ಕಾಗದ ಕೇಳಿದರೆ ಸರಿಯಾದ ಬೋಟಿನವರು ಕೋಪ ಮಾಡುವುದಿಲ್ಲ. ಖರ್ಚು ಮಾಡಿ ನಿಯಮ ಪಾಲಿಸಿದವರಿಗೆ ಅದನ್ನು ತೋರಿಸಲು ಖುಷಿಯೇ. ಗಿರಾಕಿಗಳು ಕೇಳದೆ ಅಗ್ಗದ್ದಕ್ಕೆ ಹತ್ತಿದರೆ ನಷ್ಟ ಆಗುವುದು ಅವರಿಗೇ.

ನೀರಿನ ಮೇಲೆ ಇರುವಾಗ

ಸ್ರಾಂಕ್ ಕೂರಿಸಿದ ಜಾಗದಲ್ಲಿ ಕೂತುಕೊಳ್ಳಿ. ಮಕ್ಕಳಿಗೆ ಒಬ್ಬೊಬ್ಬ ದೊಡ್ಡವರು ಜವಾಬ್ದಾರಿ ಅಂತ ಹೆಸರು ಹೇಳಿ ಒಪ್ಪಿಸಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ರಾತ್ರಿ ಕಟ್ಟಿ ನಿಲ್ಲಿಸಿದ ಬೋಟಿನಿಂದ ಕಾಲು ಜಾರಿ ಬೀಳುವುದೂ ಅಪಾಯವೇ, ಮಕ್ಕಳು ಮಲಗುವ ಕೋಣೆಯ ಬಾಗಿಲು ಹಾಕಿರಲಿ. ಈಜು ಗೊತ್ತಿದ್ದರೂ ಹಿನ್ನೀರಿಗೆ ಹಾರಬೇಡಿ. ತಳದಲ್ಲಿ ಕೆಸರು, ಚಿಪ್ಪು, ಬಲೆಯ ಗೂಟ ಇರುತ್ತವೆ, ಇಳಿತದ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಬೋಟು ವಾಲಿದರೆ ಎದ್ದು ಓಡಬಾರದು. ಕೋಣೆಯೊಳಗೆ ಇದ್ದವರು ತೆರೆದ ಜಾಗಕ್ಕೆ ಬರಬೇಕು. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರುವ ಬದಲು ಹಗ್ಗ, ಖಾಲಿ ಕ್ಯಾನ್, ತೇಲುವ ಏನಾದರೂ ಎಸೆಯಿರಿ. ಮೇಲೆ ಎತ್ತಿದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಸಮಯ ಕಳೆಯಬಾರದು. ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತುವುದನ್ನು ತಕ್ಷಣ ಶುರು ಮಾಡಬೇಕು. ನಮ್ಮ ಯುವಕರ ಸಂಘಗಳು ವರ್ಷಕ್ಕೊಂದು ಸಲ ಇದರ ತರಬೇತಿ ಇಟ್ಟುಕೊಂಡರೆ ರಕ್ತದಾನ ಶಿಬಿರದಷ್ಟೇ ಉಪಕಾರ. ಹೊಳೆ ಪಕ್ಕದಲ್ಲೇ ಇರುವ ಊರುಗಳಲ್ಲಿ ಈಜು ಬಾರದ ಮಕ್ಕಳ ಸಂಖ್ಯೆ ಈಗ ಜಾಸ್ತಿಯಾಗುತ್ತಿದೆ ಎಂಬುದು ಎಲ್ಲರಿಗೂ ಕಾಣುವ ವಿಷಯ.

ಕಲ್ಲುಮ್ಮಕಾಯಿ ಮತ್ತು ಕಸ

ಹಿನ್ನೀರಿನಲ್ಲಿ ಸಾಲಾಗಿ ಬಿದಿರಿನ ಗೂಟ, ಅದಕ್ಕೆ ನೇತುಹಾಕಿದ ಹಗ್ಗ ಕಾಣುತ್ತದೆ. ಅದು ಕಲ್ಲುಮ್ಮಕಾಯಿ, ಅಂದರೆ ಪಚ್ಚಿಲೆಯ ಕೃಷಿ. ಪಡನ್ನ, ಚೆರುವತ್ತೂರು, ತೃಕ್ಕರಿಪುರ, ವಲಿಯಪರಂಬದ ಈ ಕೃಷಿಗೆ ದೇಶದಲ್ಲೇ ಹೆಸರಿದೆ. 1990ರ ದಶಕದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನೆರವಿನಿಂದ ಹಬ್ಬಿತು. ಬಂಡೆಗಳಿಂದ ತಂದ ಮರಿಗಳನ್ನು ಹತ್ತಿ ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಮಳೆಗಾಲ ಕಳೆದ ಮೇಲೆ ನೀರಿಗೆ ಇಳಿಸುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮುಂದಿನ ಮಳೆ ಬಂದು ಉಪ್ಪು ಕಡಿಮೆಯಾಗುವ ಮುಂಚೆ, ಏಪ್ರಿಲ್-ಮೇಯಲ್ಲಿ ಕೊಯ್ಲು. ಇದನ್ನು ನಡೆಸುವವರಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಬಹಳ.

ಕಲ್ಲುಮ್ಮಕಾಯಿ ತಿನ್ನುವುದು ನೀರನ್ನು ಸೋಸಿ. ನೀರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆಗೆ, ಅಲ್ಲಿಂದ ತಿನ್ನುವವರ ಹೊಟ್ಟೆಗೆ. ಬೋಟಿನ ಕಕ್ಕಸಿನ ನೀರು, ಡೀಸೆಲ್ ಜಿಡ್ಡು ಹೊಳೆಗೆ ಬಿಟ್ಟರೆ ಆ ಹೆಂಗಸರ ಒಂದು ವರ್ಷದ ದುಡಿಮೆ ಹಾಳು. ಆದ್ದರಿಂದ ಕಕ್ಕಸಿನ ಟ್ಯಾಂಕ್ ಇದೆಯೇ, ಎಲ್ಲಿ ಖಾಲಿ ಮಾಡುತ್ತೀರಿ ಎಂಬುದನ್ನೂ ಕೇಳಬೇಕಾದ ಪ್ರಶ್ನೆಗಳಲ್ಲಿ ಸೇರಿಸಿ. ಬಿರಿಯಾನಿ ತಿಂದ ತಟ್ಟೆ, ನೀರಿನ ಬಾಟಲಿ, ಚಿಪ್ಸಿನ ಕವರ್ ಒಂದು ಚೀಲದಲ್ಲಿ ಕಟ್ಟಿ ವಾಪಸ್ ತರುವುದು ಕಷ್ಟದ ಕೆಲಸವೇನಲ್ಲ.

ತಲುಪುವುದು ಹೇಗೆ

ಹೌಸ್‌ಬೋಟುಗಳ ಮುಖ್ಯ ಕಡವು ನೀಲೇಶ್ವರದ ಕೋಟ್ಟಪ್ಪುರಂ. ಫೋನಿನ ಮ್ಯಾಪಿನಲ್ಲಿ ಹುಡುಕುವಾಗ ಜಾಗ್ರತೆ. ತೃಶೂರು ಜಿಲ್ಲೆಯ ಕೊಡುಂಗಲ್ಲೂರಿನ ಹತ್ತಿರವೂ ಒಂದು ಕೋಟ್ಟಪ್ಪುರಂ ಇದೆ. ಮಂಗಳೂರಿನಿಂದ ನೀಲೇಶ್ವರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 85 ಕಿಲೋಮೀಟರ್. ರೈಲಿನಲ್ಲಿ ಬರುವವರಿಗೆ ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರ, ಪಯ್ಯನ್ನೂರು ಸ್ಟೇಷನ್‌ಗಳು ಹತ್ತಿರ. ಎಲ್ಲ ರೈಲೂ ಎಲ್ಲ ಕಡೆ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿ. ದಾರಿಯಲ್ಲೇ ಬೇಕಲ ಕೋಟೆ ಇರುವುದರಿಂದ ಒಂದೇ ದಿನದಲ್ಲಿ ಎರಡನ್ನೂ ಸೇರಿಸಬಹುದು. ಕೋವಳಂನಿಂದ ಬೇಕಲದವರೆಗೆ 616 ಕಿಲೋಮೀಟರ್ ಉದ್ದದ ಪಶ್ಚಿಮ ಕರಾವಳಿ ಜಲಮಾರ್ಗ ಕೇರಳ ಸರಕಾರದ ಯೋಜನೆಯಲ್ಲಿದೆ. ಅದು ಪೂರ್ತಿಯಾದರೆ ನೀಲೇಶ್ವರದ ಈ ನೀರು ತಿರುವನಂತಪುರದವರೆಗಿನ ದಾರಿಯ ಒಂದು ತುಂಡಾಗುತ್ತದೆ.

ಹೊರಡುವ ಮೊದಲು ಬೋಟಿನ ನಂಬ್ರ, ಕಡವಿನ ಹೆಸರು, ಜೊತೆಗಿರುವವರ ಪಟ್ಟಿ ಮತ್ತು ವಾಪಸ್ ಬರುವ ಸಮಯವನ್ನು ಮನೆಯಲ್ಲಿ ಉಳಿದವರಿಗೆ ಕಳುಹಿಸಿ. ತುರ್ತು ಸಹಾಯಕ್ಕೆ 112, ಅಗ್ನಿಶಾಮಕ ಮತ್ತು ರಕ್ಷಣಾ ದಳಕ್ಕೆ 101, ಅಳಿವೆ ದಾಟಿ ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್‌ನ 1554. ಈ ಮೂರು ನಂಬ್ರ ಫೋನಿನಲ್ಲಿ ಸೇವ್ ಮಾಡಿಕೊಂಡೇ ಬೋಟು ಹತ್ತಿ.